ಎಡ ಮಡ್ಗಾರ್ಡಿನ ಮೇಲೆ ಅವ್ವ

ನಮ್ಮ ಟ್ರ್ಯಾಕ್ಟರಿನ ಲೈಟಿಗೆ ಅಪ್ಪನನ್ನು ಕಂಡರೆ ಆಗುತ್ತಿರಲಿಲ್ಲ. ಇದು ನನ್ನೊಬ್ಬಳ ಅಭಿಪ್ರಾಯವಲ್ಲ, ಮನೆಯವರೆಲ್ಲ ಒಪ್ಪಿಕೊಂಡಿದ್ದ ಸತ್ಯ. ತಮ್ಮ ಓಡಿಸಿದರೆ ಎರಡೂ ಲೈಟು ಮದುವೆ ಮನೆಯ ಹಾಗೆ ಬೆಳಗುತ್ತಿದ್ದವು. ಪಕ್ಕದ ಹೊಲದವರು ಕೇಳಿ ಒಯ್ದರೆ ಅವರಿಗೂ ಬೆಳಗುತ್ತಿದ್ದವು. ಅಪ್ಪ ಮಾತ್ರ ಸಂಜೆ ಗಂಗಾವತಿ ಸಂತೆ ಮುಗಿಸಿ ಊರ ಕಡೆ ಹೊರಟರೆ, ಕಾಲುವೆ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಫ್ಯೂಸ್ ಹಾರಿ ಮುಂದಿನ ಲೈಟು, ಹಿಂದಿನ ಲೈಟು ಎಲ್ಲ ಆರಿಹೋಗುತ್ತಿದ್ದವು.

ನಮ್ಮೂರು ನವಲಿ ರಸ್ತೆಯಲ್ಲಿದೆ. ಕಾಲುವೆ ನೀರು, ಭತ್ತದ ಗದ್ದೆ, ವರ್ಷಕ್ಕೆರಡು ಸುಗ್ಗಿ. ತಮ್ಮ ಗಿಣಿಗೇರಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ವಾರದ ರಜೆಗೆ ಊರಿಗೆ ಬರುತ್ತಾನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಯಲಬುರ್ಗಾದಲ್ಲಿದ್ದವಳು ವರ್ಗವಾಗಿ ಪಕ್ಕದೂರಿನ ಶಾಲೆಗೆ ಬಂದ ಮೇಲೆ ತವರುಮನೆಯಲ್ಲೇ ಇದ್ದೇನೆ. ಅಪ್ಪನಿಗೆ ಎಪ್ಪತ್ತು ಹತ್ತಿರವಾಯಿತು. ಈಗಲೂ ಟ್ರ್ಯಾಕ್ಟರ್ ಅವನದೇ. ಏರು ಬಂದಾಗ ಅದಕ್ಕೆ "ನಡಿ ಮಗನ, ನಡಿ" ಅನ್ನುತ್ತಾನೆ, ಇಳಿಜಾರಿನಲ್ಲಿ "ಸಾವಕಾಶ" ಅನ್ನುತ್ತಾನೆ. ದಾರಿಯಲ್ಲಿ ಯಾರು ಕೈಮಾಡಿದರೂ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ. ಬಂದವರು ಟ್ರೇಲರಿನಲ್ಲೋ ಬಲಗಡೆಯ ಮಡ್ಗಾರ್ಡಿನ ಮೇಲೋ ಕೂರಬೇಕು. ಎಡಗಡೆಯದು ಅವ್ವನ ಜಾಗ. ಅಲ್ಲಿಗೆ ಅಪ್ಪನೇ ಒಂದು ಪುಟ್ಟ ಸ್ಪಂಜಿನ ಸೀಟು ಹೊಲಿಸಿ ಹಾಕಿಸಿದ್ದಾನೆ. ಸಂತೆಯಿರಲಿ, ಬೀಗರ ಮನೆಯಿರಲಿ, ಆಸ್ಪತ್ರೆಯಿರಲಿ, ಅವ್ವ ಅದರ ಮೇಲೆ ಸೆರಗು ಬಿಗಿದು ಕೂತೇ ಹೋಗುವವಳು. ಬಸ್ಸಿನಲ್ಲಿ ಅವಳಿಗೆ ವಾಂತಿಯಾಗುತ್ತದೆ. ತಮ್ಮ ಜೋರು ಓಡಿಸುತ್ತಾನೆಂದು ಅವನ ಜೊತೆ ಹತ್ತುವುದೇ ಇಲ್ಲ.

ಅಪ್ಪನಿಗೆ ಇಂಜಿನ್ನಿನ ವಿಷಯ ಚೆನ್ನಾಗಿ ಗೊತ್ತು. ಕರೆಂಟಿನ ವಿಷಯ ಮಾತ್ರ ಅಷ್ಟಕ್ಕಷ್ಟೆ. ಅದನ್ನೂ ಒಲಿಸಿಕೊಳ್ಳಬಹುದು ಎಂದು ಅವನ ನಂಬಿಕೆ. ಮೊದಲ ಸಲ ಫ್ಯೂಸ್ ಹೋದಾಗ ಹೊಸದು ಹಾಕಿದ. ಎರಡನೇ ಸಲ, ಜೀವಮಾನದಲ್ಲಿ ಸಿಗರೇಟು ಮುಟ್ಟದವನು ಪಾನ್ ಅಂಗಡಿಯಲ್ಲಿ ಸಿಗರೇಟಿನ ಖಾಲಿ ಪಾಕೀಟು ಬೇಡಿ ತಂದು, ಒಳಗಿನ ಬೆಳ್ಳಿ ಕಾಗದವನ್ನು ಸತ್ತ ಫ್ಯೂಸಿಗೆ ಸುತ್ತಿ ಕೂರಿಸಿದ. ಅದು ಮನೆ ಮುಟ್ಟುವ ಮೊದಲೇ ಸುಟ್ಟುಹೋಯಿತು. ಮೂರನೇ ಸಲ ತಾಮ್ರದ ಎಳೆಯನ್ನೇ ಕಟ್ಟಿದ. ನಾನು ಎದುರಿಗಿದ್ದರೆ ಕೈ ಹಿಡಿಯುತ್ತಿದ್ದೆ. ಫ್ಯೂಸ್ ಇರುವುದೇ ಸುಡುವುದಕ್ಕೆ, ಅದು ಸುಡದಿದ್ದರೆ ಟ್ರ್ಯಾಕ್ಟರ್ ಸುಡುತ್ತದೆ ಎಂದು ನಾನು ಪ್ರತಿವರ್ಷ ಹತ್ತನೇ ಕ್ಲಾಸಿನಲ್ಲಿ ಕಿರುಚುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಹತ್ತನೇ ಕ್ಲಾಸಿನಲ್ಲಿಲ್ಲ.

ಆ ಮೂರನೇ ಸಂಜೆ ಸೀಟಿನ ಕೆಳಗಿನಿಂದ ಸುಟ್ಟ ವಾಸನೆ ಬಂದಿತಂತೆ. ಅಪ್ಪ ನಿಲ್ಲಿಸಿ ಎಳೆ ಕಿತ್ತುಹಾಕಿ, ಉಳಿದ ದಾರಿಯನ್ನು ಲೈಟಿಲ್ಲದೆ ಬಂದ. ಎಡ ಮಡ್ಗಾರ್ಡಿನ ಮೇಲಿನಿಂದ ಅವ್ವ ಮೊಬೈಲಿನ ಟಾರ್ಚು ಹಿಡಿದು ಬೆಳಕು ಬಿಡುತ್ತಿದ್ದಳು. ಹಿಂದಿನಿಂದ ಬಂದ ಲಾರಿಯೊಂದು ಕೊನೆ ಗಳಿಗೆಯಲ್ಲಿ ನೋಡಿ, ಹಾರನ್ ಒತ್ತುತ್ತ, ಟ್ರೇಲರಿನ ಮೂಲೆ ಸವರಿಕೊಂಡು ಹೋಯಿತು. ಅವತ್ತು ಭಾನುವಾರ. ಊರ ಮುಂದೆ ರಸ್ತೆಯಲ್ಲೇ ನಿಂತಿದ್ದ ತಮ್ಮ ಎಲ್ಲವನ್ನೂ ಕಣ್ಣಾರೆ ನೋಡಿದ.

ಮನೆಗೆ ಬಂದವನೇ ಕೂಗಾಡಿದ. "ಅಪ್ಪ, ನಿನ್ನ ಕೈಯಾಗ ಲೈಟ್ ನಿಲ್ಲಂಗಿಲ್ಲ. ನಾಳಿಯಿಂದ ನಾಕ್ ಗಂಟಿ ಆದ ಮ್ಯಾಲ ಕೀಲಿ ಅಕ್ಕನ ಕಡೆ ಇರ್ಲಿ. ಸುಗ್ಗಿ ಮುಂದ ಐತಿ, ಬರೋ ತಿಂಗಳ ಮೊದಲನೇ ಐತವಾರ ಒಬ್ಬ ಡ್ರೈವರ್‌ನ ಇಡ್ತೀನಿ. ಅಷ್ಟರಾಗ ಶಾರ್ಟ್ ಎಲ್ಲೈತಿ ಅಂತ ಗೊತ್ತಾದ್ರ ಮಾತು ಬ್ಯಾರೆ."

ಅಪ್ಪ ಜಗಳಕ್ಕೆ ಬರುತ್ತಾನೆಂದು ಕಾದೆ. ಅವನು ಅಂಗಿಯ ಜೇಬಿನಿಂದ ಕೀಲಿ ತೆಗೆದು ನನ್ನ ಮುಂದಿಟ್ಟು ಕೈಕಾಲು ತೊಳೆಯಲು ಹೋದ. ನಾನೂ ತಮ್ಮನ ಮಾತಿಗೆ ತಲೆಯಾಡಿಸಿದ್ದೆ. ವಿಜ್ಞಾನದವಳಲ್ಲವೇ, ಮನಸ್ಸಿನಲ್ಲೇ ಪಟ್ಟಿ ಹಾಕಿಕೊಂಡಿದ್ದೆ. ತಮ್ಮ ಓಡಿಸಿದಾಗ ಲೈಟು ಉರಿದಿದೆ, ಬೇರೆಯವರು ಓಡಿಸಿದಾಗ ಉರಿದಿದೆ, ಅಪ್ಪ ಓಡಿಸಿದಾಗ ಮೂರಕ್ಕೆ ಮೂರು ಸಲ ಆರಿದೆ. ಪ್ರಯೋಗ ಆಯಿತು, ವೀಕ್ಷಣೆ ಆಯಿತು, ತೀರ್ಮಾನ: ಅಪ್ಪ.

ಅಂದಿನಿಂದ ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ನಾನು ಕೀಲಿ ಕೊಡುವುದು, ಸಂಜೆ ಶಾಲೆಯಿಂದ ಬಂದು ವಾಪಸು ಇಸಿದುಕೊಳ್ಳುವುದು. ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗ ಮೊಬೈಲ್ ಕೊಡುವ ಹಾಗೆ ಅಪ್ಪ ನೆಲ ನೋಡುತ್ತ ನನ್ನ ಅಂಗೈಯಲ್ಲಿ ಕೀಲಿ ಇಡುತ್ತಿದ್ದ. ಆಮೇಲೆ ಕಟ್ಟೆಯ ಮೇಲೆ ಕೂತವನ ಕೈ ಮಾತಿನ ನಡುವೆ ಸುಮ್ಮನೆ ಜೇಬಿಗೆ ಹೋಗಿ ಬರುತ್ತಿತ್ತು. ನೋಡಿದರೆ ಕೀಲಿ ವಾಪಸು ಕೊಟ್ಟುಬಿಡೋಣ ಅನಿಸುತ್ತಿತ್ತು. ಅಷ್ಟರಲ್ಲಿ ಆ ಲಾರಿ ನೆನಪಾಗಿ ಮತ್ತೆ ಗಟ್ಟಿಯಾಗುತ್ತಿದ್ದೆ. ಅವ್ವ ಮಾತ್ರ ನನ್ನ ಮೇಲೆ ಉರಿದುಬೀಳುತ್ತಿದ್ದಳು. ಸಂಜೆಯ ಸಂತೆ ತಪ್ಪಿಹೋಗಿತ್ತಲ್ಲ.

ಗಂಗಾವತಿಯಲ್ಲಿ ನಮ್ಮ ಟ್ರ್ಯಾಕ್ಟರಿನ ವೈರಿಂಗ್ ನೋಡುವವರು ಒಬ್ಬ ಮೇಸ್ತ್ರಿ. ಅವರ ಅಜ್ಜ ಟಾಂಗಾ ಕಟ್ಟುತ್ತಿದ್ದರಂತೆ, ಅವರಪ್ಪ ಲಾರಿಗೆ ಡೈನಮೋ ಸುತ್ತುತ್ತಿದ್ದರಂತೆ, ಇವರು ಟ್ರ್ಯಾಕ್ಟರಿನ ಲೈಟಿಗೆ ಬಂದು ನಿಂತಿದ್ದಾರೆ. ಬಿಳಿ ಟೋಪಿ, ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಟೆಸ್ಟರು. ಅವಸರ ಅನ್ನುವುದು ಅವರ ರಸ್ತೆಬದಿಯ ಗುಡಾರದೊಳಗೆ ಕಾಲಿಟ್ಟಿಲ್ಲ. ಅಪ್ಪ ಕಟ್ಟಿದ್ದ ತಾಮ್ರದ ಎಳೆಯ ತುಣುಕು ಫ್ಯೂಸ್ ಡಬ್ಬಿಯಲ್ಲಿ ಸಿಕ್ಕಾಗ ಅದನ್ನು ಎರಡು ಬೆರಳಲ್ಲಿ ಎತ್ತಿಹಿಡಿದು, "ಯಜಮಾನ್ರ, ಇದನ್ನ ಕಟ್ಟೂದಕ್ಕಿಂತ ಬ್ಯಾಟ್ರಿ ಮ್ಯಾಗ ಸೀಮಿಎಣ್ಣಿ ಸುರುವಿದ್ರ ಜಲ್ದಿ ಆಗ್ತಿತ್ತಲ್ರಿ" ಅಂದರು. ಅಪ್ಪ ದೂರದ ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಶಾರ್ಟ್ ಅಂದರೆ ಏನೆಂದು ಮೇಸ್ತ್ರಿ ಅಪ್ಪನಿಗೆ ವಿವರಿಸಿದ ರೀತಿಯನ್ನು ನಾನು ಈಗ ಕ್ಲಾಸಿನಲ್ಲಿ ಬಳಸುತ್ತೇನೆ. "ಲೈಟ್ ಅಂದ್ರ ಕಾಲುವಿ ತುದೀಗಿರೋ ಹೊಲ ಅಂತ ತಿಳಕೋರಿ. ನಡುವ ಯಾರರೆ ಒಡ್ಡು ಒಡದ್ರ, ತುದಿ ಹೊಲಕ್ಕ ನೀರು ಬರ್ತೈತೇನ್ರಿ? ಎಲ್ಲಾ ನೀರು ಅಲ್ಲೇ ನುಗ್ತೈತಿ. ಹಂಗ, ವೈರಿನ ತಾಮ್ರ ಎಲ್ಲೋ ಟ್ರ್ಯಾಕ್ಟರಿನ ತಗಡಿಗಿ ತಾಗಾಕತ್ತೈತಿ. ಕರೆಂಟ್ ಎಲ್ಲಾ ಅಲ್ಲೇ ನುಗ್ತೈತಿ, ಫ್ಯೂಸ್ ಹಾರ್ತೈತಿ. ಒಡ್ಡು ಎಲ್ಲಿ ಒಡದೈತಿ ಅನ್ನೂದ ನಾವು ಹುಡುಕಬೇಕು." ಕಾಲುವೆಯ ತುದಿಗೇ ಗದ್ದೆಯಿರುವ ಅಪ್ಪನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಒಡ್ಡು ಒಡೆಯುವವರ ಮೇಲೆ ಅವನಿಗೆ ಹಳೆಯ ಸಿಟ್ಟಿದೆ.

ಆದರೆ ಒಡ್ಡು ಸಿಗಲಿಲ್ಲ. ಎರಡು ಸಲ ಹೋದೆವು. ಎರಡೂ ಸಲ ಅವ್ವ ಬಜಾರದಲ್ಲಿ ಇಳಿದುಕೊಂಡಳು, ಅಪ್ಪ ಮತ್ತು ನಾನು ಮೇಸ್ತ್ರಿಯ ಮುಂದೆ ನಿಂತೆವು. ಮೇಸ್ತ್ರಿ ಹೊಸ ಫ್ಯೂಸ್ ಹಾಕಿ ಸ್ವಿಚ್ ತಿರುಗಿಸಿದರೆ ಲೈಟುಗಳು ಏನೂ ಅರಿಯದವರ ಹಾಗೆ ಉರಿದವು. ಬಾನೆಟ್ ತೆರೆದು ವೈರು ಎಳೆದು ನೋಡಿದರು, ಉರಿದವು. ಇಂಜಿನ್ ಚಾಲು ಮಾಡಿ ಗುಡುಗಿಸಿದರು, ಉರಿದವು. "ನೋಡಿದೇನಪ್ಪ, ಮೇಸ್ತ್ರಿ ಮುಂದ ಹೆಂಗ ಉರೀತಾವ" ಅಂದೆ ನಾನು. ಆ ಮಾತು ಎಷ್ಟು ಚುಚ್ಚಿರಬೇಕೆಂದು ಈಗ ನೆನಸಿಕೊಂಡರೆ ನನಗೇ ನಾಚಿಕೆ.

ಮೂರನೇ ಸಲ ಹೋದದ್ದು ಶನಿವಾರ. ಮರುದಿನವೇ ತಮ್ಮ ಹೇಳಿದ್ದ ಮೊದಲನೇ ಭಾನುವಾರ. ಡ್ರೈವರ್ ಕೂಡ ನಿಗದಿಯಾಗಿದ್ದ. ಬೆಳಗಿನ ಶಾಲೆ ಮುಗಿಸಿ ನಾನು ಹಟದಿಂದ ಹೊರಟೆ. ಅವತ್ತು ಬಜಾರದಲ್ಲಿ ಏನೋ ಮೆರವಣಿಗೆಯಿದ್ದು ರಸ್ತೆ ಬಂದ್ ಆಗಿತ್ತು. ಹಾಗಾಗಿ ಅವ್ವನೂ ಮೇಸ್ತ್ರಿಯ ಗುಡಾರಕ್ಕೇ ಬಂದು, ಅಲ್ಲಿ ಬಿದ್ದಿದ್ದ ಹಳೇ ಟಯರಿನ ಮೇಲೆ ಕೂತು ಬೇಸರದಿಂದ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳತೊಡಗಿದಳು.

ಮೇಸ್ತ್ರಿ ಈ ಸಲ ಬೇರೆ ದಾರಿ ಹಿಡಿದರು. ಮುಂದಿನ, ಹಿಂದಿನ ಬಲ್ಬುಗಳನ್ನೆಲ್ಲ ಬಿಚ್ಚಿ ತಟ್ಟೆಯಲ್ಲಿಟ್ಟರು. ಫ್ಯೂಸ್ ತೆಗೆದು, ಅದರ ಜಾಗಕ್ಕೆ ಎರಡು ವೈರು ಕಟ್ಟಿದ ಒಂದು ಬಲ್ಬನ್ನು ಸಿಕ್ಕಿಸಿ ನಮಗೆಲ್ಲ ಕಾಣುವ ಹಾಗೆ ಸ್ಟೇರಿಂಗಿಗೆ ತೂಗುಹಾಕಿದರು. ಲೈಟಿನ ಬಲ್ಬುಗಳೇ ಇಲ್ಲದ ಮೇಲೆ ಕರೆಂಟಿಗೆ ಹೋಗಲು ದಾರಿಯಿಲ್ಲ, ಈ ಬಲ್ಬು ಉರಿಯಬಾರದು. ಉರಿದರೆ ಎಲ್ಲೋ ವೈರು ತಗಡಿಗೆ ತಾಗಿದೆ ಎಂದರ್ಥ. ಸ್ವಿಚ್ ತಿರುಗಿಸಿದರು. ಬಲ್ಬು ಕಪ್ಪಗೇ ಇತ್ತು. ಅಪ್ಪನನ್ನು ಸೀಟಿನ ಮೇಲೆ ಕೂರಿಸಿದರು. ನನ್ನ ತೀರ್ಮಾನದ ಪ್ರಕಾರ ಅದು ಆಗಲೇ ಉರಿಯಬೇಕಿತ್ತು. ಉರಿಯಲಿಲ್ಲ.

ಮೇಸ್ತ್ರಿ ಕನ್ನಡಕ ಮೇಲೇರಿಸಿ, "ಯಜಮಾನ್ರ, ರಸ್ತಾದಾಗ ಲೈಟ್ ಹೋದಾಗ ಏನೇನು ಹೆಂಗಿತ್ತು, ಹಂಗ ಮಾಡೂಣು. ಗಾಡಿ ಮ್ಯಾಗ ಯಾರ್ಯಾರು ಇದ್ರಿ?" ಎಂದು ಕೇಳಿದರು.

"ಯಾರೂ ಇರಲಿಲ್ಲ, ನಾ ಒಬ್ಬನ ಇದ್ನಿ" ಅಂದ ಅಪ್ಪ, ಥಟ್ಟನೆ.

ನನಗೆ ರೇಗಿತು. "ಏನಪ್ಪ ನೀನು! ಅವ್ವ ಟಾರ್ಚ್ ಹಿಡಕೊಂಡು ಬಂದದ್ದ ಮರತೇನು?"

"ಅಕಿ ಇದ್ರೇನಾತು? ಅಕಿಗೂ ಲೈಟಿಗೂ ಏನ್ ಸಂಬಂಧ? ಮೇಸ್ತ್ರಿ, ನೀವು ಮುಂದಿನ ವೈರ್ ನೋಡ್ರಿ."

"ಮೂರೂ ಸಲ ನಾ ಅಲ್ಲೇ ಕುಂತಿದ್ನೆಲ್ರಿ" ಎಂದು ಟಯರಿನ ಮೇಲಿನಿಂದ ಅವ್ವ ಹೆಮ್ಮೆಯಿಂದ ಸಾಕ್ಷಿ ಹೇಳಿದಳು.

ಮೇಸ್ತ್ರಿ ಅವಳತ್ತ ತಿರುಗಿ, "ಯವ್ವಾ, ತಪ್ಪು ತಿಳೀಬ್ಯಾಡ, ಒಂದೀಟು ನಿನ್ನ ಜಾಗದಾಗ ಹತ್ತಿ ಕುಂದರು" ಅಂದರು. ಅಪ್ಪ, "ಅಕಿಗಿ ಮೊಣಕಾಲು ನೋವು ಐತಿ" ಎಂದ. ಅವ್ವ, "ನಂದು ಯಾ ಮೊಣಕಾಲು ನೋವು?" ಎನ್ನುತ್ತ ಹತ್ತೇಬಿಟ್ಟಳು. ಸೀರೆ ಸರಿಮಾಡಿಕೊಂಡು ಸ್ಪಂಜಿನ ಸೀಟಿನ ಮೇಲೆ ಭಾರ ಬಿಟ್ಟು ಕೂತಳು.

ಸ್ಟೇರಿಂಗಿಗೆ ತೂಗಿದ್ದ ಬಲ್ಬು ಝಗ್ಗನೆ ಉರಿಯಿತು.

"ಯವ್ವಾ, ಏಳು" ಅಂದರು ಮೇಸ್ತ್ರಿ. ಎದ್ದಳು, ಆರಿತು. "ಕುಂದರು." ಉರಿಯಿತು. ಮತ್ತೆ ಏಳಿಸಿದರು, ಮತ್ತೆ ಕೂರಿಸಿದರು. ಇಷ್ಟರಲ್ಲಿ ಪಕ್ಕದ ಪಂಚರ್ ಅಂಗಡಿಯವನೂ, ಎದುರಿನ ಬೀಜ-ಗೊಬ್ಬರದ ಅಂಗಡಿಗೆ ಬಂದಿದ್ದ ಇಬ್ಬರು ರೈತರೂ ಬಂದು ನಿಂತಿದ್ದರು. ಒಬ್ಬ ರೈತ, "ಇಂಥಾ ಸ್ವಿಚ್ ನಾ ಎಲ್ಲೂ ನೋಡಿಲ್ಲ ಬಿಡ್ರಿ" ಅಂದ. ನಾನು ತಡೆಯಲಾರದೆ ನಕ್ಕುಬಿಟ್ಟೆ. ಮೇಸ್ತ್ರಿ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದು ನಕ್ಕರು. ನಗದೆ ಇದ್ದವನು ಅಪ್ಪ ಒಬ್ಬನೇ.

ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದದ್ದೇ ಮುಖ ಕೆಂಪಾಯಿತು. "ಅಂದ್ರ ಏನ್ ಹೇಳ್ತೀರಿ? ಟ್ರ್ಯಾಕ್ಟರ್ ತಡಕೊಳ್ಳದಷ್ಟು ಭಾರ ಅದೀನೇನು ನಾ? ಹತ್ತು ಚೀಲ ಭತ್ತ ಹೇರಿದ್ರ ಏನೂ ಆಗಂಗಿಲ್ಲ, ನಾ ಕುಂತ್ರ ಆಗ್ತೈತಿ?" ದಡದಡನೆ ಇಳಿದಳು. ಚಪ್ಪಲಿ ಮೆಟ್ಟಿಕೊಂಡಳು. "ಇನ್ನ ಮ್ಯಾಲ ನಾ ಇದರ ಮ್ಯಾಗ ಹತ್ತಂಗಿಲ್ಲ. ಬಸ್ಸಿಗಿ ಬರ್ತೀನಿ. ವಾಂತಿ ಆದ್ರ ಆಗ್ಲಿ."

ಅಪ್ಪನ ಮುಖ ಬಾಡಿತು. ಕೀಲಿ ಕೊಟ್ಟ ಸಂಜೆಯೂ ಅವನು ಹಾಗೆ ಕಂಡಿರಲಿಲ್ಲ. ನನಗದು ಆಗ ತಿಳಿಯಲಿಲ್ಲ. ಬಿಸಿಲಿಗೆ ಹಾಗಾಗಿರಬೇಕು ಅಂದುಕೊಂಡೆ.

ಮೇಸ್ತ್ರಿ ಮಾತ್ರ ತಮ್ಮ ಕೆಲಸ ಮುಂದುವರಿಸಿದ್ದರು. ಎಡ ಮಡ್ಗಾರ್ಡಿನ ಕೆಳಗೆ ತಲೆ ತೂರಿಸಿ ಮಲಗಿ, ಒಳಗಿನ ಕೆಸರು ಕೆರೆದು, ಬೆರಳಿನಿಂದ ಮುಟ್ಟುತ್ತ ಹೋದರು. ಹಿಂದಿನ ಲೈಟಿಗೆ ಹೋಗುವ ವೈರಿನ ಕಟ್ಟು ಅಲ್ಲೇ ತಗಡಿಗೆ ಅಂಟಿಕೊಂಡು ಹೋಗಿದೆ. ಒಳಗಿನಿಂದ ಅವರ ದನಿ ಬಂತು. "ಅವ್ವಾರ ಭಾರದ್ದು ಏನೂ ತಪ್ಪಿಲ್ರಿ. ಇಲ್ಲೊಂದು ಸ್ಕ್ರೂ ಹೊರಗಿನಿಂದ ಒಳಗ ಬಂದೈತಿ. ಚೂಪ್ ಮೂತಿ ವೈರಿನ ರಬ್ಬರ್ ಕೊರದೈತಿ. ಯಾರರೆ ಮ್ಯಾಗ ಕುಂತ್ರ ತಗಡು ಬಗ್ಗಿ, ತಾಮ್ರಕ್ಕ ತಾಗ್ತೈತಿ. ಹೊರಗ ಏನ್ ಜಡದೀರಿ ನೋಡ್ರಿ?"

ಹೊರಗೆ ಜಡಿದದ್ದು ಕುದುರೆ ಲಾಳ. ನಾನು ನೋಡಬೇಕಾದ ಅಗತ್ಯವೇ ಇರಲಿಲ್ಲ, ಏಕೆಂದರೆ ಅದನ್ನು ಜಡಿದವಳು ನಾನೇ. ನಮ್ಮ ಕಡೆ ಮಹಾನವಮಿಗೆ ಟ್ರ್ಯಾಕ್ಟರಿಗೆ ಎಣ್ಣೆ ಸ್ನಾನವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತದೆ. ಬಾಳೆಕಂಬ, ಚೆಂಡುಹೂವು, ವಿಭೂತಿ, ಕುಂಕುಮ, ನಿಂಬೆಹಣ್ಣು. ಹಿಂದಿನ ಮಹಾನವಮಿಗೆ ಅವ್ವ ಎಲ್ಲಿಂದಲೋ ಒಂದು ಸವೆದ ಲಾಳ ತಂದು, ತಾನು ಕೂರುವ ಜಾಗದ ಪಕ್ಕಕ್ಕೇ ಹಾಕಬೇಕು, ದೃಷ್ಟಿ ತಾಗಬಾರದು ಅಂದಳು. ಅಪ್ಪ ತಂತಿಯಲ್ಲಿ ಕಟ್ಟುತ್ತೇನೆ ಎಂದ. ನಾನು ಅವನನ್ನು ಪಕ್ಕಕ್ಕೆ ಸರಿಸಿ, ತಂತಿ ಕಟ್ಟುವುದೆಲ್ಲ ಹಳೇ ಕಾಲದ್ದು ಎಂದು ಪಾಠ ಮಾಡಿ, ಅವರಿವರಲ್ಲಿ ಡ್ರಿಲ್ ಮಷಿನ್ ಕೇಳಿ ತಂದು, ಉದ್ದನೆಯ ಸ್ಕ್ರೂ ಆರಿಸಿ, ಬಿಗಿಯಾಗಿ ಕೂರಿಸಿದ್ದೆ. ತಗಡಿನ ಆ ಕಡೆ ಏನಿದೆ ಎಂದು ಬಗ್ಗಿ ನೋಡಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ವಿದ್ಯುನ್ಮಂಡಲದ ಚಿತ್ರವನ್ನು ಬೋರ್ಡಿನ ಮೇಲೆ ನೂರು ಸಲ ಬರೆದವಳು ನನ್ನ ಕೈಯಾರೆ ಒಂದು ಮಂಡಲವನ್ನು ಚುಚ್ಚಿ, ಅಪ್ಪನ ಕೈಯಿಂದ ಕೀಲಿ ಕಸಿದುಕೊಂಡಿದ್ದೆ.

ನನ್ನ ಮುಖ ನೋಡಿ ಅವ್ವನಿಗೆ ಎಲ್ಲ ತಿಳಿಯಿತು. ಮೊದಲು ಸಮಾಧಾನದ ಉಸಿರು ಬಿಟ್ಟಳು. ತನ್ನ ತೂಕ ನಿರಪರಾಧಿ ಎಂದು ತೀರ್ಪಾಗಿತ್ತಲ್ಲ. ಆಮೇಲೆ ತಾಯಿಯಾದಳು. ನನ್ನ ಕಿವಿಯ ಹತ್ತಿರ ಬಂದು, "ತಮ್ಮಗ ಇಲಿ ಕಡದೈತಿ ಅಂತ ಹೇಳು. ಇಲ್ಲಂದ್ರ ಅವಾ ನಿನ್ನ ಜೀವಮಾನ ಆಡಸ್ತಾನ" ಅಂದಳು.

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಇಲಿ ಬಂದು ಅಲ್ಲಗಳೆಯುವುದಿಲ್ಲ. ಆದರೆ ಇಲಿಯ ಹೆಸರು ಹೇಳಿದರೆ ಅಪ್ಪನ ಹೆಸರು ಪೂರ್ತಿ ತೊಳೆದಂತಾಗುವುದಿಲ್ಲ. ಟ್ರ್ಯಾಕ್ಟರನ್ನು ಎಲ್ಲೋ ಇಲಿಗಳಿರುವ ಕಡೆ ನಿಲ್ಲಿಸಿದ್ದ ಎಂದು ಅವನ ಮೇಲೇ ಬರುತ್ತದೆ. ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದೆ. ಲಾಳ, ಸ್ಕ್ರೂ, ಡ್ರಿಲ್, ನಾನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆ ಕಡೆ ಕಾರ್ಖಾನೆಯ ಸದ್ದು ಕೇಳುತ್ತಿತ್ತು. ಆಮೇಲೆ ಅವನು ನಕ್ಕ ನಗು ಆ ಸದ್ದನ್ನೂ ಮೀರಿತು.

"ಅಕ್ಕಾ, ನಿಮ್ಮ ಸಾಲಿ ಹುಡುಗರಿಗೆ ಈ ಸುದ್ದಿ ನಾನ ಹೇಳ್ಲೇನು?" ಅಂದ. ನಗು ನಿಂತ ಮೇಲೆ, "ಡ್ರೈವರ್‌ಗ ಬ್ಯಾಡ ಅಂತೀನಿ. ಅಪ್ಪಗ ಕೀಲಿ ಕೊಡು. ನಾ ಅವತ್ತು ಭಾಳ ಮಾತಾಡಿದ್ನಿ, ಮನಸಿಗಿ ಹಚ್ಕೋಬ್ಯಾಡ ಅಂತ ಹೇಳು" ಅಂದ. ಆ ಕೊನೆಯ ಮಾತನ್ನು ನೀನೇ ಹೇಳು ಅಂದೆ. ಹೇಳುತ್ತೇನೆ ಎಂದು ಇಟ್ಟುಬಿಟ್ಟ.

ಮೇಸ್ತ್ರಿ ಸ್ಕ್ರೂ ಕಿತ್ತು, ಕೊರೆದ ವೈರನ್ನು ಕತ್ತರಿಸಿ ಹೊಸ ತುಂಡು ಜೋಡಿಸಿ, ಮೇಲೆ ರಬ್ಬರಿನ ಕೊಳವೆ ತೊಡಿಸಿದರು. ಲಾಳವನ್ನು ಮುಂದಿನ ಬಂಪರಿಗೆ ತಂತಿಯಲ್ಲಿ ಕಟ್ಟಿದರು. "ಟೀಚರ್, ಮುಂದಿನ ಸಲ ಏನರೆ ಜಡಿಯೂದಿದ್ರ ನನಗೊಂದು ಮಾತು ಕೇಳ್ರಿ, ನನಗೂ ಕೆಲಸ ಉಳೀತೈತಿ" ಎಂದರು. ಬಲ್ಬುಗಳನ್ನೆಲ್ಲ ಹಾಕಿ, ಸರಿಯಾದ ಫ್ಯೂಸ್ ಕೂರಿಸಿ ಸ್ವಿಚ್ ತಿರುಗಿಸಿದರು. ಅವ್ವ ಹತ್ತಿ ಕೂತಳು, ಕೂತಲ್ಲೇ ಎರಡು ಸಲ ಕುಪ್ಪಳಿಸಿದಳು. ಲೈಟು ಅಲುಗಲಿಲ್ಲ. ಪಂಚರ್ ಅಂಗಡಿಯವನು ಚಪ್ಪಾಳೆ ಹೊಡೆದ. ಅವ್ವ ಅವನಿಗೆ ಕಣ್ಣು ಕೆಕ್ಕರಿಸಿ, ಗೆದ್ದವಳ ಹಾಗೆ ಇಳಿದು, ಮೆರವಣಿಗೆ ಹೋದ ಮೇಲೆ ತೆರೆದಿದ್ದ ಬಜಾರಕ್ಕೆ ಹೂವು ತರಲು ಹೋದಳು.

ಅಪ್ಪ ಮತ್ತು ನಾನು ಟ್ರ್ಯಾಕ್ಟರಿನ ನೆರಳಿನಲ್ಲಿ ನಿಂತೆವು. ಹೊತ್ತು ಇಳಿಯುತ್ತಿತ್ತು, ನಾಲ್ಕು ಯಾವಾಗಲೋ ಆಗಿಹೋಗಿತ್ತು. ಪದ್ಧತಿಯಂತೆ ಅಪ್ಪ ಆಗಲೇ ಒಪ್ಪಿಸಿದ್ದ ಕೀಲಿಯನ್ನು ಬ್ಯಾಗಿನಿಂದ ತೆಗೆದೆ. ತಪ್ಪಾಯಿತು ಎಂದು ಹೇಳಬೇಕಿತ್ತು. ಕೀಲಿ ಕೊಡುವಾಗ ನೆಲ ನೋಡುವ ಸರದಿ ನನ್ನದಾಗಿತ್ತು. ಅದರ ಬದಲು, ಟೀಚರಿನ ದುಶ್ಚಟ, ಪ್ರಶ್ನೆ ಕೇಳಿದೆ.

"ಅಪ್ಪ, ಅವ್ವ ಇರಲಿಲ್ಲ ಅಂತ ಮೇಸ್ತ್ರಿ ಮುಂದ ಯಾಕ ಸುಳ್ಳು ಹೇಳಿದಿ?"

ಅಪ್ಪ ಸ್ಪಂಜಿನ ಸೀಟಿನ ಮೇಲಿನ ಧೂಳು ಜಾಡಿಸಿದ.

"ನಿನಗ ಗೊತ್ತಿತ್ತೇನು?"

"ಮೂರನೇ ಸಲಕ್ಕ ಗೊತ್ತಾತು" ಅಂದ. "ಎಳಿ ಕಟ್ಟಿದ್ನಲ್ಲ, ಲೈಟ್ ಮುದುಕನ ಕಣ್ಣಿನಂಗ ಮಂಕಾಗಿ ಸುಟ್ಟ ವಾಸನಿ ಬಂತು. ಗಾಡಿ ನಿಲ್ಲಿಸಿದೆ. ಅಕಿ ಏನಾತು ನೋಡೂಣು ಅಂತ ಕೆಳಗ ಇಳದ್ಲು. ಇಳದಕೂಡ್ಲೇ ಲೈಟ್ ಛಲೋ ಆದ್ವು. ಆಮ್ಯಾಲ ಎಳಿ ಕಿತ್ತು ಒಗದೆ."

ನನ್ನ ಕೋಪ, ನಾಚಿಕೆ, ಪ್ರೀತಿ ಎಲ್ಲ ಒಂದೇ ಸಲ ಮೇಲೆ ಬಂದವು. "ಮತ್ತ ಹೇಳಾಕ ಏನಾಗಿತ್ತಪ್ಪ? ಇಷ್ಟು ದಿನ ನಮ್ಮ ಕಡೆ ಬೈಸ್ಕೊಂಡಿ. ದಿನಾ ಸಂಜಿಗಿ ಕಳ್ಳನಂಗ ಕೀಲಿ ಕೊಟ್ಟಿ. ನಾಳಿ ಡ್ರೈವರ್ ಬರ್ತಿದ್ದ!"

"ಹೇಳಿದ್ರ ಅಕಿ ಇವತ್ತು ಅಂದಂಗ ಅವತ್ತ ಅಂತಿದ್ಲು, ಇನ್ನ ಹತ್ತಂಗಿಲ್ಲ ಅಂತ" ಅಂದ ಅಪ್ಪ. ಬಜಾರದ ಕಡೆಯಿಂದ ಅವ್ವ ಬರುವುದು ಕಾಣುತ್ತಿತ್ತು. ಅವನು ನನ್ನ ಕೈಯಿಂದ ಕೀಲಿ ತೆಗೆದುಕೊಂಡು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ.

"ಅಕಿ ಬರದಿದ್ರ, ಈ ಕೀಲಿ ತಗೊಂಡು ನಾ ಒಬ್ಬನ ಎಲ್ಲಿಗಿ ಹೋಗ್ಲಿ?"